ಜಗಲಿಗೆ ಕೇಳಿಸಿದ ನಗು

ಇದನ್ನು ಹೇಳುವುದನ್ನು ಬಹಳ ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಪ್ರತಿ ಸಲ ಅವರೆಕಾಯಿ ಕಾಲದಲ್ಲಿ ಹೇಳಿಬಿಡೋಣ ಎಂದುಕೊಳ್ಳುತ್ತೇನೆ. ಕಾಯಿ ಮುಗಿಯುತ್ತದೆ, ನಾನು ಬಾಯಿ ಒರೆಸಿಕೊಂಡು ಸುಮ್ಮನಾಗುತ್ತೇನೆ. ಈ ಸಲ ನನ್ನನ್ನು ಹಿಡಿದುಹಾಕಿದ್ದು ಒಂದು ಪುಸ್ತಕ.

ಕಾಲೇಜಿಗೆ ಹೋಗುವ ಮೊಮ್ಮಗಳು ಲೈಬ್ರರಿಯಿಂದ ತಂದದ್ದು. ಆಫ್ರಿಕದ ಇಗ್ಬೊ ಜನರ ಹಳ್ಳಿಯ ಕಾದಂಬರಿ, ಕನ್ನಡದಲ್ಲಿ. “ತಾತ, ಓದ್ನೋಡಿ. ಇದ್ರಲ್ಲಿ ನೀವಿದೀರ” ಎಂದಳು. ಹೈಸ್ಕೂಲಿಗೇ ಓದು ಮುಗಿಸಿ, ಮೂಡಲಪಾಳ್ಯದಲ್ಲೇ ತಲೆ ನರೆತ ನನಗೆ ಆಫ್ರಿಕದಲ್ಲೇನು ಕೆಲಸ ಎಂದು ನಕ್ಕೆ.

ಇದ್ದೆ ನೋಡಿ! ಆ ಊರಿನ ಯಜಮಾನನಿಗೆ ಮುಂದುಗಡೆ ತನ್ನದೇ ಗುಡಿಸಲು. ಬಂದವರಿಗೆ ಮೊದಲು ಕೋಲಾ ಕಾಯಿ, ನಮ್ಮ ಎಲೆಅಡಿಕೆಯ ಹಾಗೆ. ಅದನ್ನು ಒಡೆಯುವವನು ಗಂಡಸೇ. ಹೆಂಡತಿಯರ ಗುಡಿಸಲು, ಒಲೆ, ಒರಳು ಹಿಂದುಗಡೆ. ಹಿಂದಿನಿಂದ ಹೊಗೆ ಬರುತ್ತದೆ, ಊಟ ಬರುತ್ತದೆ. ಗಂಡಸು ಹಿಂದಕ್ಕೆ ಹೋಗುವುದಿಲ್ಲ. ಕಡಲಾಚೆ ಕೂತವರಿಗೆ ನಮ್ಮ ಮನೆಯ ಜಗಲಿ ಕಂಡದ್ದಾದರೂ ಹೇಗೆ? ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಯಜಮಾನನ ತಮ್ಮ, ಹೆಂಡತಿಗೆ ಹುಷಾರಿಲ್ಲವೆಂದು ತಾನೇ ಒರಳ ಮುಂದೆ ನಿಂತು ಗೆಣಸು ಕುಟ್ಟುತ್ತಾನೆ. ಅಣ್ಣ ನೆಂಟರ ಎದುರಿಗೇ ಒನಕೆ ಕಿತ್ತು ಅಂಗಳಕ್ಕೆ ಎಸೆಯುತ್ತಾನೆ. ಅಲ್ಲಿಗೆ ಪುಸ್ತಕ ಮುಚ್ಚಿದೆ. ಮುಂದಿನದು ನನಗೆ ಗೊತ್ತಿತ್ತು.

ಮೂಡಲಪಾಳ್ಯದ ಸುತ್ತ ಇನ್ನೂ ರಾಗಿ ಹೊಲವಿದ್ದ ಕಾಲ. ತಮ್ಮನಿಗೆ ಹೆಣ್ಣು ನೋಡುವ ಮಾತಿಗೆಂದು ನೆಂಟರು ನಮ್ಮ ಜಗಲಿಯಲ್ಲಿ ಕೂತಿದ್ದರು. ಒಳಗೆ ಹೆಂಗಸರು ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಹಿತಕುತ್ತಿದ್ದರು. ತಮ್ಮನೂ ಅವರ ಜೊತೆ ಕೂತು, ಏನೋ ತಮಾಷೆ ಹೇಳುತ್ತಾ ಹಿತಕುತ್ತಿದ್ದ. ಒಳಗಿನ ನಗು ಜಗಲಿಗೆ ಬಂತು. ಹಿರಿಯರೊಬ್ಬರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು: “ಏನಪ್ಪಾ, ನಿನ್ ತಮ್ಮಂಗೆ ಹೆಣ್ ನೋಡ್ಬೇಕಾ, ಗಂಡ್ ನೋಡ್ಬೇಕಾ?”

ಎಲ್ಲರೂ ನಕ್ಕರು. ನಾನು ಎದ್ದುಹೋಗಿ, ಹಿತಕಿದ ಬೇಳೆಯನ್ನೆಲ್ಲ ಪಾತ್ರೆಸಮೇತ ಎತ್ತಿ ದನದ ಬಾನಿಗೆ ಸುರಿದೆ. “ಲೇ, ಬಳೆನೂ ತೊಟ್ಕೊಂಬಿಡು” ಎಂದೆ.

“ಅವ್ವನ ಬೆರಳು ಊದ್ಕೊಂಡಿದೆ ಕಣಣ್ಣ, ಅದಕ್ಕೇ ಕೂತೆ” ಎಂದನಷ್ಟೆ.

ಅಂದಿನಿಂದ ಅವನು ಗಂಡಸಿನ ಹಾಗೆ ಜಗಲಿಯಲ್ಲೇ, ನನ್ನ ಪಕ್ಕದಲ್ಲೇ ಕೂತು ಉಂಡ. ನಗುವನ್ನು ಮಾತ್ರ ಒಳಗೇ ಬಿಟ್ಟುಬಂದಿದ್ದ. ಮದುವೆಯಾಗಿ ಕೆಂಗೇರಿಗೆ ಹೋದ. ಹಬ್ಬಕ್ಕೆ ಬರುತ್ತಾನೆ, ಕಾಲಿಗೆ ನಮಸ್ಕಾರ ಮಾಡುತ್ತಾನೆ. ಅವನು ಬಗ್ಗಿದಾಗಲೆಲ್ಲ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ.

ಮೊನ್ನೆ ಮೊಮ್ಮಗಳ ಪಕ್ಕ ಸೋಫಾದಲ್ಲಿ ಕೂತು ಮೊದಲ ಬಾರಿಗೆ ಕಾಳು ಹಿತಕಿದೆ. ನನ್ನ ಮೊದಲ ಕಾಳು ಹಾರಿ ಟಿವಿಗೆ ಬಡಿಯಿತು. “ತಾತ, ಕುಸ್ತಿ ಆಡ್ಬೇಡಿ ಅದ್ರ ಜೊತೆ” ಎಂದಳು. ಇಷ್ಟು ನಯದ ಕೆಲಸವನ್ನು ತಮ್ಮ ಮಾತಾಡುತ್ತಲೇ ಹೇಗೆ ಮಾಡುತ್ತಿದ್ದನೋ! ಆ ಬೆರಳುಗಳನ್ನು ನಾನು ಅಂದು ನೋಡಿಯೇ ಇರಲಿಲ್ಲ.

ಬೇಳೆಯನ್ನು ಡಬ್ಬಿಗೆ ತುಂಬಿಕೊಂಡು ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆ. ತಮ್ಮ ಬಾಗಿಲಲ್ಲೇ ಮುಚ್ಚಳ ತೆಗೆದು ನೋಡಿದ.

“ಯಾರಣ್ಣ ಹಿತಕಿದ್ದು? ಅರ್ಧ ಅಪ್ಪಚ್ಚಿ ಆಗಿದೆ!”

“ನಾನೇ ಕಣೋ.”

ಅವನು ನನ್ನ ಕೈ ನೋಡಿದ, ಮುಖ ನೋಡಿದ. ಇನ್ನು ಉಳಿದದ್ದನ್ನು ಹೇಳಬೇಕಿತ್ತು. ಹುಟ್ಟಿದಾಗಿನಿಂದ ಅವನನ್ನು ‘ಲೇ’ ಎಂದೇ ಕರೆದವನು ನಾನು. ಈ ಮಾತು ಹಾಗೆ ಶುರುವಾಗುವಂಥದ್ದಲ್ಲ; ಹೆಸರಿನಿಂದಲೇ ಶುರುವಾಗಬೇಕು. ಹೊಸಿಲಾಚೆ ನಿಂತೇ ಕರೆದೆ:

“ನಂಜುಂಡ...”