ಸುಟ್ಟ ತಾಕಿನ ಕಾವಲು

ನಮ್ಮ ಸಾಹೇಬರ ಹುಬ್ಬಿನಲ್ಲಿ ಸದಾ ಒಂದು ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಗಿಡದಲ್ಲಿ ಕಾಯಿಯೇ ಇಲ್ಲದ ದಿನಗಳಲ್ಲೂ. ಒರೆಸಿಕೊಳ್ಳಿ ಎಂದರೆ, "ಇರಲಿ ಬಿಡ್ರಿ, ಅದಕ್ಕೂ ಒಂದು ಜಾಗ ಬೇಕಲ್ಲ" ಅನ್ನುತ್ತಿದ್ದರು.

ರಾಯಚೂರು ಕಡೆಯವರು. ಕೊಂಡಾಪುರ ಬಡಾವಣೆಯ ಎರಡು ಕೋಣೆಯಲ್ಲಿ ಬೀಜದ ಕಂಪನಿ, ಊರಾಚೆ ಬಲೆ ಕಟ್ಟಿದ ಒಂದು ಪ್ರಯೋಗದ ತಾಕು. ಕಾಯಿಕೊರಕ ಹುಳ ಮುಟ್ಟದಂಥ ಹತ್ತಿಯನ್ನು, ಜೀನ್ ಬದಲಿಸಿ, ಅಲ್ಲೇ ಬೆಳೆಸಿದ್ದರು. ಅದು ರೈತರ ಹೊಲ ಸೇರಬೇಕೆಂಬುದೊಂದೇ ಅವರ ಆಸೆ. ನಾನು ಸರ್ಕಾರದ ಅನುಮತಿಯ ಕೆಲಸ ನೋಡಿಕೊಳ್ಳುವವಳು. ಪೈಪೋಟಿಯ ದೊಡ್ಡ ಕಂಪನಿಯಲ್ಲಿ ಆ ಕೆಲಸಕ್ಕೆ ಒಂದು ಮಹಡಿಯೇ ಇತ್ತು, ಇಲ್ಲಿ ನಾನೊಬ್ಬಳೇ. ದನಕ್ಕೆ ತಿನ್ನಿಸಿ ನೋಡಿ, ಜೇನುಹುಳ ನೋಡಿ, ಮಣ್ಣು ನೋಡಿ, ಮತ್ತೊಂದು ಹಂಗಾಮು ನೋಡಿ ಎಂದು ಸರ್ಕಾರದವರು ಬರೆಯುತ್ತಲೇ ಇದ್ದರು. ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು. ಸಾಹೇಬರು ಮಾತ್ರ ಸಿಟ್ಟಾದದ್ದನ್ನು ಕಾಣೆ.

"ನಿಯಮ ತಪ್ಪಲ್ರಿ. ಬೀಜ ಹೊರಗ ಹೋದ್ರ ವಾಪಸ್ ಕರಿಯಾಕ ಆಗಂಗಿಲ್ಲ. ಆದ್ರ ಈ ಬಾಗಲಾ ದೊಡ್ಡವರ ಅಳತಿಗೆ ಮಾಡ್ಯಾರ."

ಕೊನೆಗೆ ಇನ್ನೊಂದು ಹಂಗಾಮಿನ ಪರೀಕ್ಷೆಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ದೊಡ್ಡ ಕಂಪನಿಯೇ ನಮ್ಮನ್ನು ಕೊಂಡುಕೊಂಡಿತು. ಅವರದೇ ಹತ್ತಿ ತಯಾರಿತ್ತು, ನಮ್ಮದನ್ನು ನಿಲ್ಲಿಸಿದರು. ನಿಲ್ಲಿಸಿದ ಪ್ರಯೋಗದ ಗಿಡ ಸುಡಬೇಕು, ಹೂಳಬೇಕು, ಆಮೇಲೂ ಕಾಯುತ್ತಾ ಮೊಳಕೆ ಕಂಡರೆ ಕೀಳಬೇಕು ಎಂಬುದು ನಿಯಮ, ಆ ಕಾವಲು ನನ್ನ ಪಾಲಿಗೆ ಬಂತು. ಬೆಂಕಿಯನ್ನು ಸಾಹೇಬರೇ ಇಟ್ಟರು. ಹಸಿ ಗಿಡ ಚಿಟಪಟ ಅನ್ನುವಾಗ ಬಾಗಿ ಕಿವಿಗೊಟ್ಟರು.

ಆಮೇಲೆ ದಿನಾ ಮಧ್ಯಾಹ್ನ ಆ ಕರಿಯ ಮಣ್ಣಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಕಾಗೆಯೂ ಕೂಗದ ಬಿಸಿಲ ಹೊತ್ತು.

"ಕೇಳಸಾಕತ್ತೈತೇನ್ರಿ? ಕೆಳಗ ಇನ್ನೂ ಅದಾವ."

ನನಗೆ ಏನೂ ಕೇಳಿಸುತ್ತಿರಲಿಲ್ಲ.

"ಮೊಳಕಿ ಬಂದ್ರ, ಕೀಳೂದಕ್ಕಿಂತ ಮೊದಲ ನನಗ ಹೇಳ್ರಿ. ಒಮ್ಮೆ ನೋಡ್ತೀನಿ."

ಮಳೆಗಾಲ ಕಳೆದರೂ ಮೊಳಕೆ ಬರಲಿಲ್ಲ. ಒಂದು ಬೆಳಗ್ಗೆ ಸಾಹೇಬರು ಗಚ್ಚಿಬೌಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದ ಮಾರನೆಯ ಮಧ್ಯಾಹ್ನ ತಾಕಿಗೆ ಹೋದೆ. ಎಷ್ಟೋ ದಿನದಿಂದ ನೀರು ಕಾಣದ ನೆಲ. ಅವರು ಚಪ್ಪಲಿ ಬಿಡುತ್ತಿದ್ದ ಜಾಗದಲ್ಲಿ ಎರಡೆಲೆಯ ಹತ್ತಿ ಮೊಳಕೆ ನಿಂತಿತ್ತು. ಗಾಳಿಯಿರಲಿಲ್ಲ, ಎಲೆ ಅಲುಗುತ್ತಿತ್ತು.

"ಸಾಹೇಬ್ರ, ಬಂದೈತ್ರಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಅವರು ನೋಡಿಕೊಳ್ಳುವಷ್ಟು ಹೊತ್ತು ಕಾದೆ. ಆಮೇಲೆ ಕಿತ್ತೆ, ನಿಯಮ ತಪ್ಪಲ್ಲ ಅಂದವರು ಅವರೇ ತಾನೆ. ಅಳು ತಡೆಯಲಾಗಲಿಲ್ಲ.

ಮರಳುವಾಗ ಬಾಡಿಗೆ ಕಾರಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಹುಬ್ಬಿನಲ್ಲಿ ಹತ್ತಿಯ ಒಂದು ಎಳೆ. ನಾನು ಒರೆಸಿಕೊಳ್ಳಲಿಲ್ಲ.