ಅಣ್ಣನ ಹೆಸರಿನಲ್ಲಿ ತಮ್ಮನ ರಕ್ತ

2017ರ ಫೆಬ್ರುವರಿ ಏಳು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಯಾದಗಿರಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಗೊಲ್ಲಾಳಮ್ಮ ಒಂದು ಚೀಟಿಯನ್ನು ಎರಡನೇ ಸಲ ಓದುತ್ತಿದ್ದಳು. ರಾತ್ರಿ ಡ್ಯೂಟಿ ಮುಗಿದು ಎರಡೂವರೆ ತಾಸಾಗಿತ್ತು. ಬದಲಿಗೆ ಬರಬೇಕಾದವಳು ಬಂದಿರಲಿಲ್ಲ. ಪಾದಗಳು ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಅಚ್ಚೊತ್ತಿತ್ತು. ಕಣ್ಣು ಮಂಜಾಗಿರಬಹುದೆಂದು ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದಳು.

ಚೀಟಿ ರಕ್ತನಿಧಿಯದು. ತಾಯಪ್ಪ, ಇಪ್ಪತ್ತಾರು ವರ್ಷ, ಬಿ ಪಾಸಿಟಿವ್, ಹಿಮೋಗ್ಲೋಬಿನ್ ಹನ್ನೊಂದೂವರೆ. ರಕ್ತ ಕೊಡಲು ಬರುವುದಿಲ್ಲ ಎಂದು ವಾಪಸು ಕಳಿಸಿದ್ದರು.

ಯಾರ ರಕ್ತ ತೆಗೆದರೂ ಗುಂಪು ನೋಡಿ ತನ್ನ ನೋಟುಪುಸ್ತಕದಲ್ಲಿ ಬರೆದಿಡುವುದು ಗೊಲ್ಲಾಳಮ್ಮನ ರೂಢಿ. ಯಾರೂ ಹೇಳಿದ್ದಲ್ಲ, ಯಾರೂ ಕೇಳುವುದೂ ಇಲ್ಲ. ಜನವರಿಯ ಪುಟ ತೆಗೆದು ನೋಡಿದಳು. ಅದೇ ತಾಯಪ್ಪ, ಅದೇ ಊರು. ಗುಂಪು ಮಾತ್ರ ಓ ಪಾಸಿಟಿವ್.

ಮನುಷ್ಯನ ರಕ್ತದ ಗುಂಪು ಒಂದು ತಿಂಗಳಲ್ಲಿ ಬದಲಾಗುವುದಿಲ್ಲ. ಅಂದರೆ ಜನವರಿಯಲ್ಲಿ ಆಕೆಯ ಮುಂದೆ ತೋಳು ಚಾಚಿ ಕುಳಿತವನು ತಾಯಪ್ಪನಲ್ಲ. ತಾಯಪ್ಪನ ಮದುವೆಗೆ ಇನ್ನು ಹದಿನಾರು ದಿನ ಉಳಿದಿತ್ತು.

ತಾಯಪ್ಪನ ಅಕ್ಕ ಮರಿಲಿಂಗಮ್ಮ ಬಳಿಚಕ್ರದವಳು. ಆಕೆಯ ಕಿರಿಯ ಮಗಳು ದೇವಕಮ್ಮನಿಗೆ ಥಲಸ್ಸೀಮಿಯಾ. ಹುಟ್ಟಿ ಎಂಟು ತಿಂಗಳಿಗೇ ಮಗು ಬಿಳಿಚಿಕೊಂಡಿತ್ತು. ಅಲ್ಲಿಂದ ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಈಗ ಅವಳಿಗೆ ಏಳು ವರ್ಷ. ಹಿರಿಯ ಮಗಳು ಶೇಖಮ್ಮನನ್ನು, ಹತ್ತೊಂಬತ್ತರ ಹುಡುಗಿಯನ್ನು, ಮರಿಲಿಂಗಮ್ಮ ತನ್ನ ತಮ್ಮ ತಾಯಪ್ಪನಿಗೇ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಮರಿಲಿಂಗಮ್ಮನನ್ನು ಕೊಟ್ಟಿದ್ದೂ ಆಕೆಯ ಸ್ವಂತ ಸೋದರಮಾವನಿಗೇ.

ಡಿಸೆಂಬರಿನಲ್ಲಿ ಈ ಸುದ್ದಿ ಕೇಳಿದ ಗೊಲ್ಲಾಳಮ್ಮ ಅವರನ್ನೆಲ್ಲ ಕೂರಿಸಿಕೊಂಡು, ಹಳೆಯ ಒಪಿಡಿ ಚೀಟಿಯ ಬೆನ್ನಿಗೆ ವಂಶವೃಕ್ಷ ಬರೆದಿದ್ದಳು. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ. "ಗಂಡಸರಿಗೆ ಮೂಲಿ ಬಾಳ ಅವ ಅಂತ ಹಂಗ ಬರೀತೀರೇನ್ರಿ?" ಎಂದು ಮರಿಲಿಂಗಮ್ಮ ನಕ್ಕಿದ್ದಳು. ಮದುವೆಯ ಗೆರೆಗಳು ಮತ್ತೆ ಮತ್ತೆ ಅದೇ ಮನೆಯೊಳಗೆ ಸುತ್ತಿ ಚೀಟಿ ಬಲೆಯಂತಾಗಿತ್ತು. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಜೀನ್ ಸೇರಿದರೆ ಮಗುವಿಗೆ ರೋಗ. ಒಂದೇ ಬಂದರೆ ಆಳು ಗಟ್ಟಿಮುಟ್ಟು, ಆದರೆ ಮುಂದಿನವರಿಗೆ ದಾಟಿಸಬಲ್ಲ ವಾಹಕ. ಇಷ್ಟನ್ನು ಹೇಳಲು ಆಕೆಗೆ ಮುಕ್ಕಾಲು ತಾಸು ಹಿಡಿದಿತ್ತು. ಶೇಖಮ್ಮನ ಪರೀಕ್ಷೆಯಲ್ಲಿ ಅವಳು ವಾಹಕಳೆಂದು ಬಂತು. ಜನವರಿಯಲ್ಲಿ ತಾಯಪ್ಪನ ಹೆಸರಿನಲ್ಲಿ ತೆಗೆದ ರಕ್ತ ನಿರ್ದೋಷ ಎಂದು ಬಂತು. ಅಂದು ಗೊಲ್ಲಾಳಮ್ಮ ಹಗುರಾಗಿ ಮನೆಗೆ ಹೋಗಿದ್ದಳು.

ಈಗ ತಾಯಪ್ಪ ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಅಕ್ಕನ ಮಗಳು ದೇವಕಮ್ಮನಿಗಾಗಿ ಒಂದು ಬಾಟಲಿ ರಕ್ತ ಕೊಡಲು ಬಂದು, ಬೇಡವೆನ್ನಿಸಿಕೊಂಡು ನಾಚಿದ್ದ.

"ತಾಯಪ್ಪ, ಜನವರಿಯಾಗ ನನ್ನ ಮುಂದ ಕುಂತು ರಕ್ತ ಕೊಟ್ಟಾಂವ ಯಾರಪಾ?"

ಅವನು ಮುಚ್ಚಿಡಲಿಲ್ಲ. "ನಮ್ಮ ತಮ್ಮ ಅಂಬ್ರಪ್ಪರಿ. ಅವತ್ತ ನಮ್ಮ ಹೊಲಕ್ಕ ನೀರಿನ ಪಾಳಿ ಇತ್ತು. ನಮ್ಮದು ಕಾಲುವಿ ಕಡಿ ಹೊಲ. ಬಿಟ್ಟು ಬಂದಿದ್ರ ಮ್ಯಾಲಿನವರು ನೀರು ತಿರುವಿಬಿಡ್ತಿದ್ರು. ನನ್ನ ಆಧಾರ ಕಾರ್ಡು ಕೊಟ್ಟ ಕಳಿಸಿದ್ದೆ."

"ಅವನ ರಕ್ತ ನೋಡಿ ನಿನಗ ಲಗ್ನ ಮಾಡ್ಬೇಕೇನು?"

"ನೀವ ಅಂದಿದ್ರಲ್ರಿ ಸಿಸ್ಟರ್, ಇದು ಮನಿತನದ ರಕ್ತದಾಗ ಬರ್ತದಂತ. ಒಂದ ಮನಿ, ಒಂದ ತಾಯಿ. ಯಾರು ಕೊಟ್ರೇನಂತ..."

ಗೊಲ್ಲಾಳಮ್ಮ ಬೈಯಲು ಹೊರಟಳು. ಆದರೆ ಆ ಮಾತು ಆಕೆಯದೇ. ಮುಕ್ಕಾಲು ತಾಸಿನ ಕೊನೆಗೆ ದಣಿದು, ಎಲ್ಲವನ್ನೂ ಒಂದು ಸಾಲಿಗೆ ಇಳಿಸಿ ಹೇಳಿದ್ದಳು. ಕಾರ್ಡಿನ ಮೇಲಿನ ಚಿತ್ರವನ್ನು ಎದುರಿನ ಮುಖಕ್ಕೆ ಹಿಡಿದು ನೋಡದೆ ಇದ್ದವಳೂ ತಾನೇ.

ಸ್ಟೂಲು ಎಳೆದು ಅವನನ್ನು ಕೂರಿಸಿದಳು. ನಿನ್ನ ಮೂಗೂ ಅಂಬ್ರಪ್ಪನ ಮೂಗೂ ಒಂದೇ ಏನು ಎಂದು ಕೇಳಿದಳು. ಇಲ್ಲ, ತನ್ನದು ಅವ್ವನದು, ಅವನದು ಅಪ್ಪನದು ಎಂದ. ಒಬ್ಬರೇ ಹೆತ್ತರೂ ಪಾಲು ಬೇರೆ ಬೇರೆ ಬರುತ್ತದೆ, ರಕ್ತದೊಳಗೂ ಹಾಗೇ ಎಂದಳು. ತಾಯಪ್ಪ ತನ್ನ ಮೂಗು ಮುಟ್ಟಿ ನೋಡಿಕೊಂಡ. ನಂತರ ಅಂಗಿಯ ತೋಳು ಮಡಿಸಿದ.

ಮಾದರಿ ಕಲಬುರಗಿಗೆ ಹೋಗಿ ಫಲಿತಾಂಶ ಬಂದದ್ದು ಆರು ದಿನದ ಮೇಲೆ, ಸೋಮವಾರ. ತಾಯಪ್ಪನೂ ವಾಹಕ.

ರಕ್ತ ಯಾರದೋ, ಸುದ್ದಿ ಮೊದಲು ಅವರಿಗೆ ಎಂಬುದು ಗೊಲ್ಲಾಳಮ್ಮನ ನಿಯಮ. ತಾಯಪ್ಪ, ಶೇಖಮ್ಮ ಇಬ್ಬರನ್ನೇ ಡ್ರೆಸಿಂಗ್ ಕೋಣೆಗೆ ಕರೆದು ಹೇಳಿದಳು. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ದೇವಕಮ್ಮನಂಥ ಮಗುವಾಗುವ ಸಾಧ್ಯತೆ. ಮೊದಲ ಮಗು ಹಾಗಾದರೆ ಮುಂದಿನವು ಪಾರಾದವು ಎಂದಲ್ಲ, ಪ್ರತಿ ಸಲವೂ ಲೆಕ್ಕ ಹೊಸದು. ಮೂರನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸನ್ನು ಪರೀಕ್ಷಿಸುವ ದಾರಿಯೂ ಇದೆ, ಅದಕ್ಕೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು ಎಂದು ಅದನ್ನೂ ಬಿಡದೆ ಹೇಳಿದಳು. ಮಾಡಿಕೊಳ್ಳಿ ಎಂದೂ, ಬೇಡ ಎಂದೂ ಹೇಳಲಿಲ್ಲ. ಅದು ಆಕೆಯ ಕೆಲಸವಾಗಿರಲಿಲ್ಲ.

"ನಾಕರಾಗ ಮೂರು ಚಲೋ ಅಂದ್ರ ನಮ್ಮ ಕಾಲುವಿ ನೀರಿಗಿಂತ ವಾಸಿ ಬಿಡ್ರಿ," ಎಂದ ತಾಯಪ್ಪ. ನಗಿಸಲು ಹೇಳಿದ್ದು, ಅವನೇ ನಗಲಿಲ್ಲ.

ಅಷ್ಟರಲ್ಲಿ ಮರಿಲಿಂಗಮ್ಮ ಕದ ತಳ್ಳಿಕೊಂಡು ಒಳಗೆ ಬಂದಳು. ತನ್ನನ್ನು ಹೊರಗಿಟ್ಟು ಮಾತಾಡಿದ್ದಕ್ಕೆ ಆಕೆಗೆ ಸಿಟ್ಟು. ವಿಷಯ ತಿಳಿದ ಮೇಲೆ ಸಿಟ್ಟು ಇಳಿದು, ಗೊಲ್ಲಾಳಮ್ಮನ ಎರಡೂ ಕೈ ಹಿಡಿದಳು.

"ಪತ್ರಿಕಿ ಹಂಚೀವ್ರಿ ಯವ್ವ. ಜನವರಿ ಕಾಗದ ಅದ ಅಲ್ರಿ, ಅದ ಇರ್ಲಿ. ಇದನ್ನ ನೀವು ನೋಡಿಲ್ಲ ಅನ್ರಿ."

"ನಿನ್ನ ಸಂಕಟ ನನಗ ತಿಳೀತದ, ಮರಿಲಿಂಗಮ್ಮ. ಆದ್ರ ಖರೇನ ನೋಡೀನಲ್ಲ."

ಮದುವೆ ಆಗಲಿಲ್ಲ. ಯಾದಗಿರಿಯ ನರ್ಸು ಸಂಬಂಧ ಮುರಿದಳು ಎಂದು ಎರಡೂ ಊರಲ್ಲಿ ಮಾತಾಯಿತು. ಮರಿಲಿಂಗಮ್ಮ ಮೂರು ತಿಂಗಳು ಆಕೆಯ ಡ್ಯೂಟಿ ಇಲ್ಲದ ದಿನ ನೋಡಿ ಮಗುವನ್ನು ತಂದಳು. ಆಮೇಲೆ, ಆ ಪುಟ್ಟ ಕೈಯಲ್ಲಿ ನರ ಹುಡುಕಲು ಬೇರೆ ಯಾರಿಗೂ ಆಗದೆ, ಮತ್ತೆ ಆಕೆಯ ಹತ್ತಿರವೇ ಬಂದಳು. ಇಬ್ಬರೂ ಹಳೆಯದನ್ನು ಎತ್ತಲಿಲ್ಲ. ತಾಯಪ್ಪ ಮರುವರ್ಷ ಗುರುಮಠಕಲ್ ಕಡೆಯ ಹುಡುಗಿಯನ್ನು ನೋಡಿ, ನಿಶ್ಚಯಕ್ಕೆ ಮೊದಲೇ ಪರೀಕ್ಷೆಗೆ ಕರೆತಂದ. ಅಂದೂ ಅವನ ನೀರಿನ ಪಾಳಿ ಇತ್ತಂತೆ. ಹೊಲದಲ್ಲಿ ಅಂಬ್ರಪ್ಪ ನಿಂತಿದ್ದನಂತೆ. ಗೊಲ್ಲಾಳಮ್ಮ ಕಾರ್ಡಿನ ಚಿತ್ರ ನೋಡಿ, ಹುಡುಗಿಯ ಮುಖ ನೋಡಿ, ಆಮೇಲೆ ಸೂಜಿ ಹಿಡಿದಳು.

ನಿಜಕ್ಕೂ ಆ ಮದುವೆ ಬೇಡವೆಂದವಳು ಶೇಖಮ್ಮ. ಆ ಸೋಮವಾರ ಅವ್ವ ಅಳುವಾಗ, ಮಾವ ಗೋಡೆ ನೋಡುತ್ತ ನಿಂತಾಗ, ಅವಳು ಒಂದೇ ಒಂದು ಪ್ರಶ್ನೆ ಕೇಳಿದ್ದಳು: ತಂಗಿಗೆ ಇಲ್ಲಿತನಕ ಎಷ್ಟು ಸಲ ರಕ್ತ ಏರಿಸೀರಿ ಸಿಸ್ಟರ್? ಗೊಲ್ಲಾಳಮ್ಮ ಸುಮಾರು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮಗುವಿನ ಕಡತ ತರಿಸಿ, ಕುಳಿತು, ಮೊದಲ ಪುಟದಿಂದ ಬೆರಳಿಟ್ಟು ಎಣಿಸಿದಳು. ಕೊನೆಯ ಪುಟ ಮುಗಿದ ಮೇಲೆ ತಲೆ ಎತ್ತಿ ಹೇಳಿದಳು:

"ನೂರಾ ಹತ್ತು."