ಇಳಿದಿದ್ದ ಮುಳ್ಳು

ಪುರಾವೆ ತೋರಿಸಿ, ಆಮೇಲೆ ಮಾತಾಡಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಪ್ ಗೆದ್ದದ್ದೆಲ್ಲ ಈ ಒಂದು ಮಾತಿನ ಬಲದಿಂದ. ದೆವ್ವ, ಶಕುನ, ಸತ್ತವರ ಸುಳಿವು ಎಂದವರನ್ನು ವೇದಿಕೆಯ ಮೇಲೂ ಬಿಟ್ಟಿಲ್ಲ, ಮದುವೆಮನೆಯ ಪಂಕ್ತಿಯಲ್ಲೂ ಬಿಟ್ಟಿಲ್ಲ. ಈಗ ಬರೆಯುತ್ತಿರುವುದಕ್ಕೆ ನನ್ನ ಬಳಿ ಪುರಾವೆಯಿಲ್ಲ. ನೀವು ನಂಬದಿದ್ದರೆ ನಿಮ್ಮ ಪರವಾಗಿ ವಾದಿಸಲು ನಾನೇ ಸಿದ್ಧ.

ಮೂರು ವರ್ಷದ ಹಿಂದೆ ನನಗೆ ರಕ್ತದ ಕ್ಯಾನ್ಸರ್ ಬಂದು, ಅಕ್ಕನ ರಕ್ತದ ಕಾಂಡಕೋಶಗಳನ್ನು ಕಸಿ ಮಾಡಿದರು. ಆಮೇಲೆ ಮೂರು ತಿಂಗಳು ಬೆಂಗಳೂರಿನಲ್ಲಿ, ಆಸ್ಪತ್ರೆ ಪಕ್ಕದ ವಸತಿಗೃಹದಲ್ಲೇ ಇರಬೇಕಿತ್ತು. ಪಕ್ಕದ ಕೋಣೆಯಲ್ಲಿ ಜಾವಗಲ್ಲಿನ ಶಿವಣ್ಣ, ಕೊಬ್ಬರಿ ವ್ಯಾಪಾರದವರು. ಅವರಿಗೂ ಅದೇ ಕಸಿ. ಕಸಿಯಾದವರಿಗೆ ಮುಂದೆ ಶ್ವಾಸಕೋಶ ಕೈಕೊಡಬಹುದೆಂದು ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಬೀಡಿ ಸೇದಿದವರಿಗೆ, ಮೊದಲೇ ಎದೆಯ ಕಾಯಿಲೆ ಇದ್ದವರಿಗೆ, ಕಸಿಯ ನಂತರ ಸೋಂಕು ತಗುಲಿದವರಿಗೆ, ದಾನಿಯ ಜೀವಕೋಶಗಳು ಮೈಯೊಡನೆ ಜಗಳಕ್ಕೆ ನಿಂತವರಿಗೆ ಅಪಾಯ ಹೆಚ್ಚು. ಶಿವಣ್ಣ ಒಂದೊಂದೇ ಬೆರಳು ಮಡಚುತ್ತಾ ಹೋದರು. ನಾಲ್ಕೂ ಮಡಚಿಕೊಂಡವು.

"ನಂದು ಫುಲ್ ಮಾರ್ಕ್ಸು ಕಣ್ಲಾ. ನಿಂದು?"

"ಒಂದೂ ಇಲ್ಲ. ಆದ್ರೂ ಅಪಾಯ ಅಂದ್ರೆ ಕಾರಣ ಅಲ್ಲ ಶಿವಣ್ಣ, ಸಾಧ್ಯತೆ ಅಷ್ಟೆ."

"ಹಂಗಾರೆ ನನ್ನ ಎದೆ ಮುಂದೂ ಒಂದ್ ಭಾಷಣ ಬಿಗಿ, ಕೇಳ್ತೈತೇನೋ."

ಇಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಕೊಳವೆ ಕೊಟ್ಟಿದ್ದರು. ಜೋರಾಗಿ ಊದಿದರೆ ಅದರ ಕೆಂಪು ಮುಳ್ಳು ಮೇಲೇರಿ, ಉಸಿರಿನ ಬಲ ತೋರಿಸಿ ಅಲ್ಲೇ ನಿಲ್ಲುತ್ತದೆ. ಮತ್ತೆ ಊದುವ ಮೊದಲು ಬೆರಳಿನಿಂದ ಅದನ್ನು ಸೊನ್ನೆಗೆ ಇಳಿಸಬೇಕು. ಇಳಿಸದಿದ್ದರೆ ಇಂದು ಎಷ್ಟೇ ಸಣ್ಣಗೆ ಊದಿದರೂ ನಿನ್ನೆಯ ಉಸಿರೇ ಕಾಣುತ್ತದೆ. ದಿನಾ ಬೆಳಿಗ್ಗೆ ಏಳಕ್ಕೆ ಶಿವಣ್ಣ ಬಾಗಿಲಾಚೆಯಿಂದ ಕೂಗುತ್ತಿದ್ದರು, "ಮುಳ್ಳು ಇಳಿಸ್ದೇನ್ಲಾ?"

ಊರಿಗೆ ಮರಳಿದ ಮೇಲೆ, ಮಾದಿಹಳ್ಳಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ನನ್ನೊಬ್ಬನನ್ನೇ ಇಟ್ಟರು. ಕೆಳಗೆ ದನ, ಒಣಹುಲ್ಲಿನ ದೂಳು, ಒಲೆಯ ಹೊಗೆ, ಯಾವುದೂ ನನಗಾಗದು. ಅಮ್ಮ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಮಾಸ್ಕಿನೊಳಗಿಂದ ಎರಡು ಮಾತಾಡಿ ಇಳಿದುಹೋಗುತ್ತಿದ್ದಳು. ಬೇಲೂರಿನ ಗೆಳೆಯರು ಮೊದಲು ಫೋನ್ ಮಾಡುತ್ತಿದ್ದರು, ಆಮೇಲೆ ಮೆಸೇಜು, ಆಮೇಲೆ ಅದೂ ನಿಂತಿತು. ವಾದ ಮಾಡಲು ಒಬ್ಬರೂ ಇರಲಿಲ್ಲ. ಶಿವಣ್ಣ ಮಾತ್ರ ಜಾವಗಲ್ಲಿನಿಂದ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತಿದ್ದರು. ಆ ಚಳಿಗಾಲದಲ್ಲಿ ಅವರ ಎದೆ ಸೋತಿತು. ಸುದ್ದಿ ಹೇಳಿದ್ದು ಅವರ ಮಗಳು. ಮಣ್ಣಿಗೆ ನಾನು ಹೋಗುವಂತಿರಲಿಲ್ಲ.

ಕೆಲವು ವಾರಗಳಲ್ಲಿ ನನಗೂ ಬಚ್ಚಲಿಗೆ ಹೋಗಿಬಂದರೆ ಏದುಸಿರು ಬರತೊಡಗಿತು. ಆಗಲೇ ನಾನು ಮುಳ್ಳು ಇಳಿಸುವುದನ್ನು ಬಿಟ್ಟೆ. ಮರೆತೆ ಎಂದರೆ ಸುಳ್ಳು. ಹೆದರಿದೆ. ಉಸಿರಿನ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಹತ್ತು ದಿನ ಒಂದೇ ಅಂಕಿ, ನಾನೂರ ಇಪ್ಪತ್ತು. ಎದುರಾಳಿ ಇಂಥ ಪುರಾವೆ ತಂದಿದ್ದರೆ ವೇದಿಕೆಯಲ್ಲೇ ಮಾನ ಕಳೆಯುತ್ತಿದ್ದೆ.

ಹನ್ನೊಂದನೇ ಬೆಳಿಗ್ಗೆ ಎದ್ದಾಗ ಕೊಳವೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು. ಮುಳ್ಳು ಸೊನ್ನೆಯಲ್ಲಿತ್ತು.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಗೆ ಸರಳು, ಸೊಳ್ಳೆಯ ಜಾಲರಿ. ಗಂಟೆ ಏಳು. ಫೋನ್ ಬರಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಕೇಳಿದ್ದರೆ ಭ್ರಮೆಯೆಂದು ತಳ್ಳಿಹಾಕಬಹುದಿತ್ತು. ಕೊನೆಗೆ ಊದಿದೆ. ಇನ್ನೂರ ಎಂಬತ್ತು.

ಅಮ್ಮನನ್ನು ಕೂಗಿದೆ. ಅಂದೇ ಬಾಡಿಗೆ ಕಾರಿನಲ್ಲಿ ಆಸ್ಪತ್ರೆ ಸೇರಿದೆವು. ಒಂದೂ ಬೆರಳು ಮಡಚದಿದ್ದ ನನ್ನಲ್ಲಿ ಅಕ್ಕನ ಜೀವಕೋಶಗಳು ತಡವಾಗಿ ಜಗಳ ತೆಗೆದಿದ್ದವು. ಶ್ವಾಸಕೋಶದ ಸಣ್ಣ ನಾಳಗಳು ಕಿರಿದಾಗುತ್ತಿದ್ದವು. "ಇನ್ನೊಂದು ತಿಂಗಳು ಬಿಟ್ಟು ಬಂದಿದ್ರೆ ನಮ್ಮ ಕೈಲಿ ಆಗ್ತಿರಲಿಲ್ಲಪ್ಪ," ಎಂದರು ಡಾಕ್ಟರು. ಹೋದ ಉಸಿರು ಮರಳಲಿಲ್ಲ. ಉಳಿದಿದ್ದು ಉಳಿಯಿತು.

ನಿದ್ದೆಗಣ್ಣಿನಲ್ಲಿ ನೀನೇ ಇಳಿಸಿರಬೇಕು ಎನ್ನುತ್ತೀರಿ. ನಾನೂ ಮೊದಲು ಅಂದದ್ದು ಅದನ್ನೇ. ಇಲ್ಲ ಎನ್ನಲು ಪುರಾವೆಯಿಲ್ಲ, ಹೌದು ಎನ್ನಲೂ ಇಲ್ಲ. ಕೊಳವೆಯನ್ನು ಕುಲುಕಿದೆ, ಹಾಸಿಗೆಯ ಮೇಲೆ ಬೀಳಿಸಿದೆ, ತಲೆಕೆಳಗಾಗಿ ನಿಲ್ಲಿಸಿದೆ. ಮುಳ್ಳು ತಾನಾಗಿ ಜಾರಲಿಲ್ಲ.

ಅಂದಿನಿಂದ ದಿನವೂ ಊದಿದ ಮೇಲೆ ಮುಳ್ಳನ್ನು ಮೇಲೆಯೇ ಬಿಟ್ಟಿರುತ್ತೇನೆ. ಇದೊಂದು ಪ್ರಯೋಗ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ನೋಡಿದರೆ ಅದು ಬಿಟ್ಟಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ನಾನೇ ಇಳಿಸಿ ಊದುತ್ತೇನೆ.